ಗ್ಲಾಸ್ ಇಳಿಯುತ್ತದೆ, ಏರುವುದಿಲ್ಲ: ಮೋಟರ್ ಬದಲಿಸಲೇಬೇಕೆ?

ಪ್ರಶ್ನೆ: ನಮ್ಮ ಕಾರು ಹಳೆಯದು. ಡ್ರೈವರ್ ಬಾಗಿಲಿನ ಪವರ್ ವಿಂಡೋ ಸಲೀಸಾಗಿ ಇಳಿಯುತ್ತದೆ, ಆದರೆ ಮೇಲಕ್ಕೆ ಬರುತ್ತಿಲ್ಲ. ಮೋಟರ್ ಹೋಗಿದೆ, ಹೊಸದು ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸಬೇಕೆ?

ಉತ್ತರ: ಸದ್ಯಕ್ಕೆ ಬೇಡ. ಒಂದು ದಿಕ್ಕಿಗೆ ಸರಾಗವಾಗಿ ತಿರುಗುವ ಮೋಟರ್ ಇನ್ನೊಂದು ದಿಕ್ಕಿಗೂ ತಿರುಗಬೇಕು. ಅದು 12 ವೋಲ್ಟ್ ಡಿಸಿ ಮೋಟರ್, ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಎರಡೇ ವೈರು. ಸ್ವಿಚ್ ಕೆಳಕ್ಕೆ ಒತ್ತಿದಾಗ ಒಂದು ವೈರಿಗೆ ಪ್ಲಸ್, ಇನ್ನೊಂದಕ್ಕೆ ಅರ್ತ್ ಸಿಗುತ್ತದೆ. ಮೇಲಕ್ಕೆ ಎತ್ತಿದಾಗ ಇದೇ ಅದಲುಬದಲಾಗುತ್ತದೆ. ಫ್ಯೂಸ್ ಹೋಗಿದ್ದರೆ ಗ್ಲಾಸ್ ಇಳಿಯುತ್ತಲೂ ಇರಲಿಲ್ಲ. ಹಾಗಾಗಿ ಅನುಮಾನ ಪಡಬೇಕಾದದ್ದು ಎರಡನ್ನು: ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ (ಒಂದಕ್ಕೊಂದು ತಾಗಿ ಕರೆಂಟ್ ಹರಿಸುವ ಲೋಹದ ಚುಕ್ಕೆಗಳು), ಇಲ್ಲವೇ ಗ್ಲಾಸ್ ಓಡಾಡುವ ಚಾನಲ್‌ನ ಬಿಗಿತ.

ಯಾವುದೆಂದು ತಿಳಿಯಲು ಬಾಗಿಲು ಬಿಚ್ಚಬೇಕಿಲ್ಲ. ಇಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಒಳಗಿನ ದೀಪ ಹಾಕಿ, ಸ್ವಿಚ್ ಮೇಲಕ್ಕೆತ್ತಿ. ದೀಪ ಸ್ವಲ್ಪ ಮಂಕಾಗಿ, ಬಾಗಿಲೊಳಗೆ ಮುಲುಕಿದಂತೆ ಸದ್ದಾದರೆ ಮೋಟರ್‌ಗೆ ಕರೆಂಟ್ ಹೋಗುತ್ತಿದೆ, ಗ್ಲಾಸೇ ಸಿಕ್ಕಿಕೊಂಡಿದೆ. ದೀಪ ಅಲುಗದಿದ್ದರೆ, ಸದ್ದೂ ಇಲ್ಲದಿದ್ದರೆ ಸ್ವಿಚ್ ಕಡೆ ನೋಡಿ. ಒಂದೇ ಸಮನೆ ಒತ್ತುತ್ತಾ ಹೋಗಬೇಡಿ. ಹಲವು ಮೋಟರ್‌ಗಳಲ್ಲಿ ಬಿಸಿಯಾದಾಗ ಕರೆಂಟ್ ತಡೆಯುವ ರಕ್ಷಣೆ ಇರುತ್ತದೆ. ಅದು ಆರುವ ತನಕ ಚೆನ್ನಾಗಿರುವ ಮೋಟರ್ ಕೂಡ ಸತ್ತಂತೆ ಕಾಣುತ್ತದೆ.

ಡ್ರೈವರ್ ಬಾಗಿಲಿನಲ್ಲಿ ಹೆಚ್ಚಾಗಿ ಕೆಡುವುದು ಮೇಲೆತ್ತುವ ಕಾಂಟ್ಯಾಕ್ಟೇ. ಗ್ಲಾಸಿನ ಭಾರ ಎತ್ತಲು ಕರೆಂಟ್ ಜಾಸ್ತಿ ಬೇಕು. ಗ್ಲಾಸ್ ಪೂರ್ತಿ ಮುಚ್ಚಿದ ಮೇಲೂ ಸ್ವಿಚ್ ಹಿಡಿದೇ ಇದ್ದರೆ, ತಿರುಗಲಾಗದ ಮೋಟರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ತಾಮ್ರದ ಚುಕ್ಕೆಗಳು ಕಿಡಿ ತಿಂದು ಕಪ್ಪಾಗುತ್ತವೆ. ತೆರೆದ ಕಿಟಕಿಯಿಂದ ಮಳೆನೀರು ಬೀಳುವುದೂ ಇದೇ ಸ್ವಿಚ್ಚಿನ ಮೇಲೆ.

ಖಚಿತಪಡಿಸಿಕೊಳ್ಳಲು ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಬದಿಯ ಹೊದಿಕೆ, ತೆಗೆಯಬೇಕು. ಬಾಗಿಲಲ್ಲಿ ಏರ್‌ಬ್ಯಾಗ್ ಸೆನ್ಸರ್ ಇರುವ ಕಾರಾದರೆ ಪ್ಯಾಡ್ ಬಿಚ್ಚುವ ಮುನ್ನ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಒಳಗಿನ ಹಿಡಿಕೆಯ ಹಿಂದೆ, ಆರ್ಮ್‌ರೆಸ್ಟ್ ಗುಳಿಯಲ್ಲಿ ಅಡಗಿರುವ ಸ್ಕ್ರೂ ಬಿಚ್ಚಿ, ಅಂಚಿನ ಕ್ಲಿಪ್‌ಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ. ಮೋಟರ್ ಕನೆಕ್ಟರ್ ಕಳಚಿ, ಬ್ಯಾಟರಿ ಮತ್ತೆ ಜೋಡಿಸಿ, ವೈರಿಂಗ್ ಕಡೆಯ ಎರಡು ಪಿನ್‌ಗಳ ನಡುವೆ 12 ವೋಲ್ಟ್ ಬಲ್ಬಿನ ಟೆಸ್ಟ್ ಲ್ಯಾಂಪ್ ಇಡಿ. ಸ್ವಿಚ್ ಕೆಳಕ್ಕೆ ಒತ್ತಿದಾಗ ಉರಿದು, ಮೇಲಕ್ಕೆತ್ತಿದಾಗ ಉರಿಯದಿದ್ದರೆ ಅನುಮಾನವೇ ಬೇಡ, ಸ್ವಿಚ್ಚೇ. ಇಲ್ಲಿ ಮಲ್ಟಿಮೀಟರ್ ಮೋಸ ಮಾಡಬಹುದು. ಸುಟ್ಟ ಕಾಂಟ್ಯಾಕ್ಟ್ ಕೂಡ ಲೋಡ್ (ಕರೆಂಟ್ ಎಳೆಯುವ ಬಲ್ಬ್, ಮೋಟರ್) ಇಲ್ಲದಾಗ ಪೂರ್ತಿ 12 ವೋಲ್ಟ್ ತೋರಿಸಬಹುದು.

ಸ್ವಿಚ್ ಬಿಚ್ಚುವಾಗ ಸಣ್ಣ ಸ್ಪ್ರಿಂಗ್‌ಗಳು ಹಾರುತ್ತವೆ. ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಹಿಡಿದು ಬಿಚ್ಚುವುದು ಜಾಣತನ. ಕಪ್ಪನ್ನು ನಯವಾದ ಎಮೆರಿ ಕಾಗದದಿಂದ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ ಜೋಡಿಸಿ. ಚುಕ್ಕೆ ಪೂರ್ತಿ ಸವೆದಿದ್ದರೆ ಸ್ವಿಚ್ ಬದಲಿಸಿ.

ಗ್ಲಾಸ್ ಬಿಗಿಯಾಗಿದ್ದರೆ ಚಾನಲ್ ರಬ್ಬರಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಗ್ರೀಸ್, ಇಂಜಿನ್ ಆಯಿಲ್ ಬೇಡವೇ ಬೇಡ. ಅವು ಧೂಳು ಹಿಡಿದು ರಬ್ಬರನ್ನೂ ಕೆಡಿಸುತ್ತವೆ. ಮೋಟರ್ ಗಿರ್ರೆಂದು ತಿರುಗಿಯೂ ಗ್ಲಾಸ್ ಅಲುಗದಿದ್ದರೆ ರೆಗ್ಯುಲೇಟರಿನ (ಮೋಟರ್ ತಿರುಗಿದಾಗ ಗ್ಲಾಸನ್ನು ಏರಿಸಿ ಇಳಿಸುವ ಸಾಧನದ) ಕೇಬಲ್ಲೋ, ಗ್ಲಾಸ್ ಹಿಡಿದಿರುವ ಪ್ಲಾಸ್ಟಿಕ್ ಹಿಡಿಕೆಯೋ ಮುರಿದಿದೆ ಎಂದರ್ಥ. ಕತ್ತರಿಯಾಕಾರದ ರೆಗ್ಯುಲೇಟರ್ ಆದರೆ ತೋಳನ್ನು ಕ್ಲ್ಯಾಂಪ್ ಹಾಕಿ ಬಿಗಿಯದೆ ಮೋಟರ್ ಬಿಚ್ಚಬೇಡಿ. ಸ್ಪ್ರಿಂಗ್ ಒತ್ತಡಕ್ಕೆ ತೋಳು ಸಿಡಿದು ಬೆರಳು ಹೋದೀತು.

ಇದೇ ತೊಂದರೆ ಪಕ್ಕದ ಅಥವಾ ಹಿಂದಿನ ಬಾಗಿಲಿನಲ್ಲಿದ್ದರೆ ಲೆಕ್ಕ ಬೇರೆ. ಹಲವು ಕಾರುಗಳಲ್ಲಿ ಅಲ್ಲಿನ ಸ್ವಿಚ್ಚಿಗೆ ಅರ್ತ್ ಸಿಗುವುದು ಡ್ರೈವರ್ ಬಳಿಯ ಮಾಸ್ಟರ್ ಸ್ವಿಚ್ ಮೂಲಕ. ಆ ದಾರಿಯ ಒಂದು ವೈರು ಕಡಿದರೂ ಒಂದೇ ದಿಕ್ಕು ಸಾಯುತ್ತದೆ. ಕಡಿಯುವುದು ಹೆಚ್ಚಾಗಿ ಬಾಗಿಲಿಗೂ ಪಿಲ್ಲರಿಗೂ (ಬಾಗಿಲು ಕೂರುವ ಕಂಬಕ್ಕೂ) ನಡುವಿನ ರಬ್ಬರ್ ಕೊಳವೆಯೊಳಗೆ, ಬಾಗಿಲು ತೆರೆದು ಮುಚ್ಚಿ ಮಡಚುವ ಜಾಗದಲ್ಲಿ. ಅದೇ ದಪ್ಪದ ಮೆದು ವೈರಿನ ತುಂಡು ಸೇರಿಸಿ, ಬೆಸುಗೆ ಹಾಕಿ, ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಏರಿಸಿ. ಬೆಸುಗೆಯ ಗಂಟು ಮಾತ್ರ ಮಡಚುವ ಜಾಗದಿಂದ ಆಚೆಗೇ ಇರಲಿ.

ರಿಪೇರಿಯ ತನಕ ಮಳೆಗೆ ಗ್ಲಾಸ್ ತೆರೆದೇ ಇರಬೇಕಿಲ್ಲ. ಮೋಟರಿಗೆ ಎರಡೇ ಪಿನ್ ಇದ್ದರೆ, ಕನೆಕ್ಟರ್ ಕಳಚಿ, ಬ್ಯಾಟರಿಯ ಪ್ಲಸ್‌ನಿಂದ 20 ಆಂಪಿಯರ್ ಫ್ಯೂಸ್ ಹಾಕಿದ ವೈರು, ಮೈನಸ್‌ನಿಂದ ಇನ್ನೊಂದು ವೈರು ತಂದು ಮೋಟರ್ ಕಡೆಯ ಪಿನ್‌ಗಳಿಗೆ ಕ್ಷಣಮಾತ್ರ ಮುಟ್ಟಿಸಿ. ಗ್ಲಾಸ್ ಇಳಿದರೆ ವೈರು ಅದಲುಬದಲು ಮಾಡಿ ಮುಟ್ಟಿಸಿ, ಏರುತ್ತದೆ. ಪಿನ್ ಎರಡಕ್ಕಿಂತ ಹೆಚ್ಚಿದ್ದರೆ ಮೋಟರಿನೊಳಗೇ ಎಲೆಕ್ಟ್ರಾನಿಕ್ಸ್ ಇರಬಹುದು, ಈ ಪ್ರಯೋಗ ಅಲ್ಲಿ ಮಾಡಬಾರದು.

ಪ್ಯಾಡ್ ಮುಚ್ಚುವ ಮೊದಲು, ಒಳಗೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಅಂಚುಸಹಿತ ಮೊದಲಿನಂತೆಯೇ ಅಂಟಿಸಿ. ಹರಿದಿದ್ದರೆ ಹೊಸ ಹಾಳೆ ಹಾಕಿ. ಬಾಗಿಲೊಳಗೆ ಇಳಿದ ಮಳೆನೀರು ಕೆಳಗಿನ ತೂತುಗಳಿಂದ ಹೊರಗೆ ಹೋಗುವಂತೆ ನೋಡಿಕೊಳ್ಳುವುದು ಆ ಹಾಳೆಯೇ. ಅದಿಲ್ಲದಿದ್ದರೆ ನೀರು ಕಾರ್ಪೆಟ್ಟಿಗೆ ಬರುತ್ತದೆ.