ಕೇಜ್‌ನ ಹಗ್ಗ ಕಡಿದರೆ ಏನು ಗತಿ?

ಪ್ರಶ್ನೆ: ಕೆಜಿಎಫ್‌ನ ಚಿನ್ನದ ಗಣಿಗಳಲ್ಲಿ ಜನ ಕೇಜ್ ಎನ್ನುವ ಕಬ್ಬಿಣದ ಗೂಡಿನಲ್ಲಿ ನಿಂತು, ಒಂದೇ ಹಗ್ಗಕ್ಕೆ ನೇತಾಡಿಕೊಂಡು ಪಾತಾಳಕ್ಕೆ ಇಳಿಯುತ್ತಿದ್ದರಂತೆ. ಆ ಹಗ್ಗ ಕಡಿದರೆ?

ಉತ್ತರ: ಕಡಿದ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಶಾಫ್ಟ್ ಎಂದರೆ ಗಣಿಯ ಬಾವಿ, ಗೈಡ್ ಎಂದರೆ ಅದರೊಳಗೆ ಕೇಜ್ ಜಾರುವ ಹಳಿ. ಮರದ ಗೈಡ್ ಇರುವ ಶಾಫ್ಟ್‌ನಲ್ಲಿ ಕೇಜ್‌ನ ಹಲ್ಲುಗಳು ಗೈಡನ್ನು ಕಚ್ಚಿ ನಿಲ್ಲಿಸುವ ಏರ್ಪಾಡು ಇರುತ್ತದೆ, ಆದರೆ ಅದನ್ನೇ ನಂಬಿ ಯಾರೂ ಜನರನ್ನು ಇಳಿಸುವುದಿಲ್ಲ. ಹಗ್ಗ ಕಡಿಯುವ ಹಂತಕ್ಕೇ ಬರಬಾರದು, ಲೆಕ್ಕವೆಲ್ಲ ಅಲ್ಲಿದೆ.

40 ಮಿ.ಮೀ. ದಪ್ಪದ ಉಕ್ಕಿನ ಹಗ್ಗ ತುಂಡಾಗಲು ಸುಮಾರು 95 ಟನ್ ಎಳೆತ ಬೇಕು. ಜನ ಸಾಗಿಸುವಾಗ ಹತ್ತು ಪಟ್ಟು ಬಲ ಇರಬೇಕೆನ್ನುವುದು ಸಾಮಾನ್ಯ ಅಳತೆ. ಅಂದರೆ ಹೇರಬಹುದಾದದ್ದು 9.5 ಟನ್ ಮಾತ್ರ. ಹಗ್ಗ ತಾನೇ ಮೀಟರಿಗೆ ಸುಮಾರು 6 ಕೆಜಿ ತೂಗುತ್ತದೆ. ಒಂದು ಕಿಲೋಮೀಟರ್ ಇಳಿಸಿದರೆ 6 ಟನ್ ಅದರದೇ ಭಾರ. ಕೇಜ್‌ಗೂ ಜನಕ್ಕೂ ಉಳಿಯುವುದು 3.5 ಟನ್. ಒಂದೂವರೆ ಕಿಲೋಮೀಟರಿಗೆ ಬರೀ ಅರ್ಧ ಟನ್! ದಪ್ಪ ಹಗ್ಗ ಹಾಕಿದರೆ ಅದರ ತೂಕವೂ ಅಷ್ಟೇ ಏರುತ್ತದೆ. ಹಾಗಾಗಿ ಆಳ ಹೆಚ್ಚಿದಂತೆ ಹತ್ತು ಪಟ್ಟನ್ನು ಸ್ವಲ್ಪ ಸಡಿಲಿಸಿ, ಬದಲಿಗೆ ತಪಾಸಣೆಯನ್ನು ಬಿಗಿ ಮಾಡುತ್ತಾರೆ. 3 ಕಿಲೋಮೀಟರಿಗೂ ಆಳಕ್ಕೆ ಹೋಗಿದ್ದ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ತಳಕ್ಕೆ ಒಂದೇ ಹಗ್ಗ ಇರಲಿಲ್ಲ. ಒಂದು ಮಟ್ಟದಲ್ಲಿ ಇಳಿದು, ನೆಲದಡಿಯ ಇನ್ನೊಂದು ವೈಂಡಿಂಗ್ ಎಂಜಿನ್‌ನ (ಹಗ್ಗ ಸುತ್ತಿ ಬಿಡುವ ಯಂತ್ರ) ಕೇಜ್ ಹತ್ತಬೇಕಿತ್ತು.

ಹಗ್ಗ ಕೆಡುವುದು ಹೆಚ್ಚಾಗಿ ಕೇಜ್‌ಗೆ ಜೋಡಿಸಿದ ತುದಿಯಲ್ಲಿ. ಶಾಫ್ಟ್‌ನ ನೀರು, ಪ್ರತಿ ಸಲದ ಜಗ್ಗು, ನಡುಕ ಎಲ್ಲ ಸೇರುವುದು ಅಲ್ಲೇ. ಅದಕ್ಕೇ ಆರು ತಿಂಗಳಿಗೊಮ್ಮೆ ಕೊನೆಯ 2 ಮೀಟರ್‌ನಷ್ಟು ಕತ್ತರಿಸಿ ಹೊಸದಾಗಿ ಕ್ಯಾಪಿಂಗ್ ಮಾಡುತ್ತಾರೆ, ಅಂದರೆ ಕೇಜ್‌ಗೆ ಜೋಡಿಸುವ ತುದಿಯನ್ನು ಮತ್ತೆ ಕಟ್ಟುತ್ತಾರೆ. ಕತ್ತರಿಸಿದ ತುಂಡನ್ನು ಎಸೆಯುವಂತಿಲ್ಲ: ಎಳೆ ಎಳೆ ಬಿಚ್ಚಿ ಒಳಗೆ ತುಕ್ಕು ಇದೆಯೇ ನೋಡಬೇಕು. ಹೊರಗೆ ಗ್ರೀಸ್ ಫಳಫಳ ಎನ್ನುತ್ತಿದ್ದರೂ ಒಳಗೆ ಕೊಳೆತಿರಬಹುದು. ದಿನದ ತಪಾಸಣೆಯಲ್ಲಿ ಹಗ್ಗವನ್ನು ನಿಧಾನಕ್ಕೆ ಓಡಿಸಿ, ಹತ್ತಿ ವೇಸ್ಟ್ ತಾಗಿಸಿ ಹಿಡಿಯುವುದುಂಟು. ಮುರಿದ ತಂತಿ ಇದ್ದಲ್ಲಿ ಸಿಕ್ಕಿಕೊಳ್ಳುತ್ತದೆ.

ಇನ್ನು, ಜನ ಹಗ್ಗಕ್ಕೆ ಹೆದರುತ್ತಾರೆ. ನಮ್ಮ ಪ್ರಕಾರ ಅಷ್ಟೇ ಹೆದರಬೇಕಾದದ್ದು ಓವರ್‌ವೈಂಡ್‌ಗೆ, ಅಂದರೆ ಕೇಜ್ ನಿಲ್ಲಬೇಕಾದ ಜಾಗ ಮೀರಿ ಮೇಲೇರುವುದಕ್ಕೆ. ವೈಂಡಿಂಗ್ ಎಂಜಿನ್‌ನ ಡ್ರೈವರ್ ಸಮಯಕ್ಕೆ ನಿಲ್ಲಿಸದಿದ್ದರೆ ಕೇಜ್ ಬ್ಯಾಂಕ್ (ಶಾಫ್ಟ್‌ನ ಬಾಯಿ) ದಾಟಿ, ಅದರ ಮೇಲೆ ನಿಂತ ಗೋಪುರವಾದ ಹೆಡ್‌ಗೇರ್‌ನ ಗಾಲಿಗೆ ಹೋಗಿ ಬಡಿಯುತ್ತದೆ. ವೇಗ ಮಿತಿ ಮೀರಿದರೆ ತಾನಾಗಿ ಕರೆಂಟ್ ಕಡಿದು ಬ್ರೇಕ್ ಹಾಕುವ ಸಾಧನ ಮೊದಲ ಕಾವಲು. ಅದೂ ತಪ್ಪಿದರೆ ಹಗ್ಗಕ್ಕೂ ಕೇಜ್‌ಗೂ ನಡುವೆ ಇರುವ ಡಿಟ್ಯಾಚಿಂಗ್ ಹುಕ್. ಅದು ಹೆಡ್‌ಗೇರ್‌ನಲ್ಲಿರುವ ತಟ್ಟೆಯ ತೂತಿನೊಳಗೆ ನುಗ್ಗಿದ ಕೂಡಲೇ ಹಗ್ಗ ಕಳಚಿಕೊಳ್ಳುತ್ತದೆ, ಹುಕ್‌ನ ರೆಕ್ಕೆಗಳು ಅಗಲವಾಗಿ ತಟ್ಟೆಯ ಮೇಲೆ ಕೂರುತ್ತವೆ, ಕೇಜ್ ಅಲ್ಲೇ ತೂಗುತ್ತದೆ. ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟ ಹುಕ್ ಬಿಗಿದುಕೊಂಡಿರುತ್ತದೆ. ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಜೋಡಿಸುವ ಕೆಲಸವನ್ನು ಮುಂದೂಡಬಾರದು.



ಕಣ್ಣಿಗೆ ಬೀಳದ ಅಪಾಯವೊಂದಿದೆ. ಇಳಿಯುವ ಕೇಜ್ ಗೈಡ್‌ನಲ್ಲಿ ಸಿಕ್ಕಿಕೊಂಡರೂ ಡ್ರೈವರ್ ಹಗ್ಗ ಬಿಡುತ್ತಲೇ ಇರುತ್ತಾನೆ, ಸಡಿಲ ಹಗ್ಗ ಕೇಜ್‌ನ ಮೇಲೆ ಸುರುಳಿಯಾಗುತ್ತದೆ. ಆಮೇಲೆ ಕೇಜ್ ಜಾರಿತೆಂದರೆ, ಆ ಜಗ್ಗಿಗೆ ಗಟ್ಟಿ ಹಗ್ಗವೂ ತಡೆಯಲಾರದು. ಕೆಜಿಎಫ್‌ನವರು ಏರ್ ಬ್ಲಾಸ್ಟ್ ಎನ್ನುತ್ತಿದ್ದ ಬಂಡೆಸಿಡಿತವಾದಾಗ ಗೈಡ್ ಸ್ವಲ್ಪ ವಾಲಿದರೂ ಇದು ಸಾಧ್ಯ. ಅದಕ್ಕೇ ಅಂಥ ಘಟನೆಯ ನಂತರ, ರಿಪೇರಿಯ ನಂತರ, ಮೊದಲು ಖಾಲಿ ಕೇಜನ್ನು ಶಾಫ್ಟ್ ಉದ್ದಕ್ಕೂ ಒಮ್ಮೆ ಇಳಿಸಿ ಏರಿಸಬೇಕು. ಅದು ಸಲೀಸಾಗಿ ವಾಪಸ್ ಬರುವ ತನಕ ಶಾಫ್ಟ್‌ನ ಬಾಯಿ ಕಾಯುವ ಬ್ಯಾಂಕ್ಸ್‌ಮನ್ ಯಾರಿಗೂ ಗೇಟ್ ತೆಗೆಯುವಂತಿಲ್ಲ.