ನಡುಗುವ ಕೈಗೆ ಉಗುರಗಲದ ಕೆಲಸ

"ನೈಲ್ ಪಾಲಿಶ್ ರಿಮೂವರ್ ಇದೆಯಾ?" ಐಸಿಯು ಬಾಗಿಲಲ್ಲಿ ನರ್ಸ್ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ನನಗೆ ತಲೆಬುಡ ಅರ್ಥವಾಗಲಿಲ್ಲ. ಅಮ್ಮನಿಗೆ ನ್ಯುಮೋನಿಯಾ ಜೋರಾಗಿತ್ತು. ಒಂದೊಂದು ಉಸಿರನ್ನೂ ಕಷ್ಟಪಟ್ಟು ಎಳೆಯುತ್ತಿದ್ದಳು. ಹಿಂದಿನ ವಾರವಷ್ಟೇ ಸೋದರತ್ತೆ ಮಗಳ ಮದುವೆ ಆಗಿತ್ತು. ಅದಕ್ಕೆ ಅಂತ ಹತ್ತು ಬೆರಳಿಗೂ ಕಪ್ಪು ಅನ್ನುವಷ್ಟು ಗಾಢವಾದ ಮೆರೂನ್ ಬಣ್ಣ ಹಚ್ಚಿಕೊಂಡಿದ್ದಳು. ನರ್ಸ್ ಎಲ್ಲಿಂದಲೋ ಒಂದಿಷ್ಟು ರಿಮೂವರ್ ತಂದರು. ಹತ್ತಿಯಲ್ಲಿ ಅದ್ದಿ ಬಲಗೈ ತೋರುಬೆರಳಿನ ಬಣ್ಣ ಮಾತ್ರ ಒರೆಸಿದರು. ಕ್ಲಿಪ್ ಸಿಕ್ಕಿಸಿದರು. ಪರದೆಯ ಮೇಲೆ 84 ಅಂತ ಬಂತು.

ಆ ಕ್ಲಿಪ್ಪಿನ ಹೆಸರು ಪಲ್ಸ್ ಆಕ್ಸಿಮೀಟರ್. ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಅಂತ ತೋರಿಸುತ್ತದೆ. 84 ಅಂದರೆ ತುಂಬಾ ಕಡಿಮೆ. ಕೋವಿಡ್ ಬಂದ ಮೇಲೆ ಅದು ಮನೆಮನೆಗೂ ಗೊತ್ತು. ಜಪಾನಿನ ಎಂಜಿನಿಯರ್ ಟಕುವೊ ಅಯೊಯಾಗಿ 1970ರ ದಶಕದ ಆರಂಭದಲ್ಲಿ ಇದರ ತತ್ವವನ್ನು ಕಂಡುಕೊಂಡರು. ಕ್ಲಿಪ್ಪಿನ ಒಂದು ಬದಿಯಿಂದ ಎರಡು ಬಗೆಯ ಬೆಳಕು ಹೊರಡುತ್ತದೆ. ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಅವಕೆಂಪು. ಆಮ್ಲಜನಕ ತುಂಬಿಕೊಂಡ ರಕ್ತ ಅವಕೆಂಪು ಬೆಳಕನ್ನು ಜಾಸ್ತಿ ಹೀರುತ್ತದೆ. ಆಮ್ಲಜನಕ ಇಲ್ಲದ ರಕ್ತ ಕೆಂಪು ಬೆಳಕನ್ನು ಜಾಸ್ತಿ ಹೀರುತ್ತದೆ. ಆಚೆ ಬದಿಗೆ ಯಾವುದು ಎಷ್ಟು ತಲುಪಿತು ಅನ್ನುವುದರ ಮೇಲೆ ಲೆಕ್ಕ. ಉಗುರಿಗೆ ಗಾಢ ಬಣ್ಣ ಇದ್ದರೆ ಅದೂ ನಡುವೆ ಬೆಳಕು ಕದಿಯಬಹುದು. ನರ್ಸ್ ಕೇಳಿದ್ದು ಅದಕ್ಕೇ.

ಮುಂದಿನ ಒಂಬತ್ತು ದಿನ ನಾನು ನೋಡಿದ್ದು ಆ ಕೈಯನ್ನು. ಒಂಬತ್ತು ಉಗುರು ಮದುವೆ ಮನೆಯದ್ದು, ಒಂದು ಮಾತ್ರ ಬೋಳು.

ಹತ್ತನೇ ದಿನ ಅಮ್ಮ ಮನೆಗೆ ಬಂದಳು. ಗಂಜಿ ಕುಡಿದು ಮಲಗಿದಳು. "ಎಲ್ಲ ಸರಿಹೋಯ್ತಲ್ಲ, ಇನ್ನು ನೀನೂ ಮಲಗು" ಅಂತ ಎಲ್ಲರೂ ಹೇಳಿದರು. ನನಗೆ ನಿದ್ದೆ ಬರಲಿಲ್ಲ. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಎದೆ ಧಸಕ್ ಅನ್ನುತ್ತಿತ್ತು. ಫೋನ್ ಅಲುಗಿದರೆ ಎದ್ದು ಕೂರುತ್ತಿದ್ದೆ. ರಾತ್ರಿ ಹನ್ನೊಂದಕ್ಕೆ ಸುಮ್ನೆ ಕಪಾಟು ತೆಗೆದೆ. ಅದೇ ಮೆರೂನ್ ಬಾಟಲಿ ಕೈಗೆ ಸಿಕ್ಕಿತು. ಪಕ್ಕದಲ್ಲೇ ಒಂದು ಬಿಳಿ ಬಾಟಲಿ. ಅಡುಗೆಮನೆಯ ಮೇಜಿನ ಮುಂದೆ ಕುಳಿತೆ. ಒಂದು ಗಂಟೆ ಕಳೆದು ಎದ್ದಾಗ ನನ್ನ ಎಡಗೈ ಉಗುರುಗಳ ಮೇಲೆ ಚುಕ್ಕಿ ರಂಗೋಲಿ ಇತ್ತು. ಅವತ್ತು ಬೆಳಗಿನವರೆಗೆ ನಿದ್ದೆ ಮಾಡಿದೆ.

ಯಾಕೆ ಹಾಗಾಯಿತು ಅಂತ ಆಮೇಲೆ ತುಂಬಾ ಯೋಚಿಸಿದೆ, ಓದಿದೆ.

ಅಪಾಯ ಕಂಡಾಗ ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಕೆಲಸ ಶುರು ಮಾಡುತ್ತವೆ. ಮೊದಲು ಬರುವುದು ಅಡ್ರಿನಲಿನ್ ಎಂಬ ಹಾರ್ಮೋನು. ಎದೆ ಬಡಿತ ಏರುತ್ತದೆ, ಕೈ ತಣ್ಣಗಾಗುತ್ತದೆ, ಕಣ್ಣು ಅರಳುತ್ತದೆ. ಅಡ್ರಿನಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎರಡು ಮೂರು ನಿಮಿಷದಲ್ಲೇ ಅರ್ಧ ಇಳಿದುಹೋಗುತ್ತದೆ. ಅದರ ಹಿಂದೆಯೇ ಬರುವ ಕಾರ್ಟಿಸಾಲ್ ನಿಧಾನಸ್ಥ. ಅದು ಅರ್ಧ ಇಳಿಯಲು ಒಂದು ಗಂಟೆಗೂ ಜಾಸ್ತಿ ಬೇಕು. ಆಸ್ಪತ್ರೆಯಲ್ಲಿ ಒಂದು ಏರಿಳಿತ ಮುಗಿಯುವ ಮೊದಲೇ ಇನ್ನೊಂದು ಬೀಪ್, ಇನ್ನೊಂದು ರಿಪೋರ್ಟ್, ಇನ್ನೊಂದು ಸಹಿ. ಒಂಬತ್ತು ದಿನ ಹೀಗೇ ನಡೆದರೆ ಮೈ ಕಾವಲು ಕಾಯುವುದನ್ನೇ ರೂಢಿ ಮಾಡಿಕೊಳ್ಳುತ್ತದೆ. ಡಿಸ್ಚಾರ್ಜ್ ಚೀಟಿ ಓದಿದ್ದು ನಾನು. ನನ್ನ ಮೈ ಅದನ್ನು ಓದಿರಲಿಲ್ಲ.

ಆ ರಾತ್ರಿ ಬ್ರಷ್ ಹಿಡಿದಾಗ ಮೊದಲು ಕಂಡಿದ್ದು ಕೈ ನಡುಕ. ನಿಜ ಹೇಳಬೇಕೆಂದರೆ ಎಲ್ಲರ ಕೈಯೂ ಯಾವಾಗಲೂ ನಡುಗುತ್ತಲೇ ಇರುತ್ತದೆ. ಸೆಕೆಂಡಿಗೆ 8ರಿಂದ 12 ಸಲ, ಕಣ್ಣಿಗೆ ಕಾಣದಷ್ಟು ಸಣ್ಣಗೆ. ಅಡ್ರಿನಲಿನ್ ಏರಿದರೆ ಆ ನಡುಕ ಎದ್ದು ಕಾಣುತ್ತದೆ. ಶೂಟಿಂಗ್ ಮತ್ತು ಬಿಲ್ಲುಗಾರಿಕೆ ಸ್ಪರ್ಧೆಗಳಲ್ಲಿ ಬೀಟಾ ಬ್ಲಾಕರ್ ಮಾತ್ರೆಗೆ ನಿಷೇಧ ಇರುವುದು ಇದೇ ಕಾರಣಕ್ಕೆ. ಆ ಮಾತ್ರೆ ಅಡ್ರಿನಲಿನ್ನಿನ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ, ಕೈ ಸ್ಥಿರವಾಗುತ್ತದೆ.

ಮಾತ್ರೆ ಇಲ್ಲದೆಯೂ ಕೈಯನ್ನು ನಿಲ್ಲಿಸಲು ಉಪಾಯ ಇದೆ. ಮುಂಗೈಯನ್ನು ಮೇಜಿಗೆ ಊರಬೇಕು. ಬ್ರಷ್ ಹಿಡಿದ ಕೈಯ ಕಿರುಬೆರಳನ್ನು ಇನ್ನೊಂದು ಕೈಗೆ ತಾಗಿಸಿಡಬೇಕು. ಆಗ ಅಲುಗಾಡುವುದು ಬೆರಳ ತುದಿ ಮಾತ್ರ. ಇಡೀ ತೋಳಿನ ನಡುಕ ಅಲ್ಲಿಗೆ ತಲುಪುವುದಿಲ್ಲ. ಗೆರೆ ಎಳೆಯುವಾಗ ನಿಧಾನಕ್ಕೆ ಉಸಿರು ಬಿಡುವುದೂ ಒಂದು ಅಭ್ಯಾಸ. ಉಸಿರು ಒಳಗೆ ಎಳೆದಾಗ ಎದೆ ಬಡಿತ ತುಸು ಚುರುಕಾಗುತ್ತದೆ, ಹೊರಗೆ ಬಿಟ್ಟಾಗ ತುಸು ನಿಧಾನವಾಗುತ್ತದೆ. ಮಿದುಳಿನಿಂದ ಎದೆಗೆ ಇಳಿಯುವ ವೇಗಸ್ ನರದ ಕೆಲಸ ಅದು. ಉದ್ದಕ್ಕೆ ಉಸಿರು ಬಿಡುತ್ತಾ ಹತ್ತಿಪ್ಪತ್ತು ಗೆರೆ ಎಳೆದರೆ ಗೊತ್ತಿಲ್ಲದೆಯೇ ಒಂದು ಬಗೆಯ ಪ್ರಾಣಾಯಾಮ ಆಗಿಬಿಡುತ್ತದೆ, ಅಲ್ವಾ?

ಚುಕ್ಕಿ ಇಡಲು ನನ್ನ ಹತ್ತಿರ ಬೇರೆ ಸಲಕರಣೆ ಇರಲಿಲ್ಲ. ಹೇರ್‌ಪಿನ್ನಿನ ಗುಂಡು ತುದಿಯನ್ನು ಬಿಳಿ ಬಣ್ಣಕ್ಕೆ ಅದ್ದಿದೆ. ತುದಿಗೆ ಒಂದು ಹನಿ ಜೋತಿತು. ಅದನ್ನು ಉಗುರಿಗೆ ಮೆಲ್ಲಗೆ ತಾಗಿಸಿ ಎತ್ತಿದೆ. ಹನಿ ತಾನೇ ಹರಡಿ ದುಂಡಗೆ ನಿಂತಿತು. ದುಂಡಗೆ ಬರೆಯುವ ಕೆಲಸ ನಮ್ಮದಲ್ಲ, ಮೇಲ್ಮೈ ಎಳೆತ ಅದನ್ನು ಮಾಡಿಕೊಡುತ್ತದೆ. ಬಣ್ಣ ಹಳೆಯದಾಗಿ ಗಟ್ಟಿಯಾಗಿದ್ದರೆ ಮಾತ್ರ ಹನಿಗೆ ದಾರದಂಥ ಬಾಲ ಬರುತ್ತದೆ. ನನ್ನ ಮೂರನೇ ಚುಕ್ಕಿಗೆ ಬಾಲ ಬಂತು. ಒರೆಸಿದೆ, ಮತ್ತೆ ಇಟ್ಟೆ.

ಹಾಗೆ ಒರೆಸಲು ಆಗುವುದು ಈ ಬಣ್ಣದ ಗುಣ. ಮಾಮೂಲಿ ನೈಲ್ ಪಾಲಿಶ್‌ನಲ್ಲಿ ಮುಖ್ಯವಾಗಿ ಇರುವುದು ನೈಟ್ರೊಸೆಲ್ಯುಲೋಸ್. ಗಿಡಗಳ ನಾರನ್ನು, ಅಂದರೆ ಹತ್ತಿ ಅಥವಾ ಮರದ ತಿರುಳನ್ನು, ನೈಟ್ರಿಕ್ ಆಮ್ಲದಲ್ಲಿ ಹದಮಾಡಿ ತಯಾರಿಸುವ ವಸ್ತು. 1920ರ ದಶಕದಲ್ಲಿ ಕಾರುಗಳಿಗೆ ಬಳಿಯುತ್ತಿದ್ದ ಬೇಗ ಒಣಗುವ ಬಣ್ಣಕ್ಕೂ ಇದೇ ಮೂಲ. ಇದನ್ನು ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್ ಎಂಬ ದ್ರಾವಕಗಳಲ್ಲಿ ಕರಗಿಸಿರುತ್ತಾರೆ. ಬಾಟಲಿ ತೆರೆದಾಗ ಬರುವ, ಹಣ್ಣಿನ ವಾಸನೆಯನ್ನು ನೆನಪಿಸುವ ಘಾಟು ಅವುಗಳದ್ದು. ದ್ರಾವಕ ಹಾರಿಹೋಗುತ್ತದೆ, ಬಣ್ಣದ ತೆಳು ಪೊರೆ ಉಳಿಯುತ್ತದೆ. ದಪ್ಪ ಬಳಿದರೆ ಮೇಲ್ಪದರ ಮೊದಲು ಒಣಗಿ ಒಳಗಿನ ದ್ರಾವಕಕ್ಕೆ ಹೊರಗೆ ಬರಲು ದಾರಿ ಇರುವುದಿಲ್ಲ. ಗಂಟೆ ಕಳೆದರೂ ಬಣ್ಣ ಮೆತ್ತಗೆ, ದುಪ್ಪಟಿಯ ನೂಲೂ ಅದರಲ್ಲಿ ಅಚ್ಚಾಗುತ್ತದೆ. ಅದಕ್ಕೇ ಎರಡು ತೆಳು ಕೋಟು ಬಳಿಯಬೇಕು. ಒಣಗಿದ ಪೊರೆಯನ್ನು ರಿಮೂವರ್‌ನಲ್ಲಿರುವ ಅಸಿಟೋನ್ ಮತ್ತೆ ಕರಗಿಸುತ್ತದೆ. ಒಂಬತ್ತು ದಿನ ನನ್ನ ಒಂದೊಂದು ನಿರ್ಧಾರವೂ ಹಿಂದೆ ತೆಗೆದುಕೊಳ್ಳಲಾಗದ್ದು ಅನ್ನಿಸಿತ್ತು. ಇಲ್ಲಿ ತಪ್ಪಾದರೆ ಒಂದು ಚಿಟಿಕೆ ಹತ್ತಿ ಸಾಕಿತ್ತು. ಅದು ನನಗೆ ಎಷ್ಟು ಹಿತವಾಗಿತ್ತು ಅಂತ ಹೇಳಿ ತೀರದು.

(ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ಕೂತರೆ ಒಲೆ, ದೀಪ ಎರಡೂ ಆರಿರಲಿ, ಕಿಟಕಿ ತೆರೆದಿರಲಿ.)

ಬಣ್ಣ ಒಣಗುವ ಹೊತ್ತಿಗೂ ಒಂದು ಬೆಲೆ ಇದೆ. ಹಸಿ ಉಗುರಿಟ್ಟುಕೊಂಡು ಫೋನ್ ಮುಟ್ಟಲಾಗುವುದಿಲ್ಲ. "ಅಮ್ಮ ಹೇಗಿದ್ದಾರೆ?" ಅಂತ ವಾಟ್ಸಾಪ್‌ನಲ್ಲಿ ಮೂವತ್ತು ಜನ ಕೇಳಿದ್ದರು. ಎಲ್ಲರದ್ದೂ ಪ್ರೀತಿಯೇ. ಆದರೆ ಒಂದೊಂದಕ್ಕೆ ಉತ್ತರ ಬರೆಯುವಾಗಲೂ ಮೊದಲ ದಿನದಿಂದ ಕಥೆ ಶುರುವಾಗುತ್ತಿತ್ತು.

ಮಿದುಳಿನ ಕಡೆಯಿಂದ ನೋಡಿದರೆ ಬೆರಳಿನ ಕೆಲಸ ಸಣ್ಣದೇನಲ್ಲ. ಕೆನಡಾದ ನರಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ 1930ರ ದಶಕದಲ್ಲಿ ಎಚ್ಚರವಿದ್ದ ರೋಗಿಗಳ ಮಿದುಳನ್ನು ವಿದ್ಯುತ್ತಿನಿಂದ ಮೆಲ್ಲಗೆ ತಾಗಿ, ಯಾವ ಜಾಗ ಯಾವ ಅಂಗದ್ದು ಅಂತ ನಕ್ಷೆ ಮಾಡಿದರು. ಇಡೀ ಬೆನ್ನಿಗೆ ಸಿಕ್ಕಿದ್ದು ಚೂರು ಜಾಗ. ಕೈಬೆರಳುಗಳಿಗೆ ಮತ್ತು ಮುಖಕ್ಕೆ ದೊಡ್ಡ ಪಾಲು. ಹೆಬ್ಬೆರಳಗಲದ ಜಾಗದಲ್ಲಿ ಏಳು ಚುಕ್ಕಿ ಸಮನಾಗಿ ಇಡಬೇಕೆಂದರೆ ಕಣ್ಣು, ಬೆರಳು, ಅಳತೆ ಎಲ್ಲ ಒಟ್ಟಿಗೆ ದುಡಿಯಬೇಕು. ಆಗ ಬೇರೆ ಚಿತ್ರಗಳಿಗೆ ಮನಸ್ಸಿನಲ್ಲಿ ಜಾಗ ಕಡಿಮೆಯಾಗುತ್ತದೆ.

ಇದು ಬರೀ ನನ್ನ ಊಹೆ ಅಲ್ಲ. ಬ್ರಿಟನ್ನಿನ ಆಕ್ಸ್‌ಫರ್ಡಿನ ಆಸ್ಪತ್ರೆಯೊಂದರಲ್ಲಿ ರಸ್ತೆ ಅಪಘಾತದಿಂದ ಬಂದ 71 ಜನರ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಎಮಿಲಿ ಹೋಮ್ಸ್ ಅವರ ತಂಡದ ಕೆಲಸ. ಅಪಘಾತವಾಗಿ ಆರು ಗಂಟೆಯೊಳಗೆ, ಕೆಲವರಿಗೆ ಆ ಘಟನೆಯನ್ನು ಸ್ವಲ್ಪ ನೆನಪಿಸಿಕೊಳ್ಳಲು ಹೇಳಿ, ಆಮೇಲೆ ಟೆಟ್ರಿಸ್ ಆಟ ಆಡಿಸಿದರು. ಇಟ್ಟಿಗೆಗಳನ್ನು ತಿರುಗಿಸಿ ಜೋಡಿಸುವ ಹಳೇ ವಿಡಿಯೊ ಗೇಮ್ ಅದು. ಮುಂದಿನ ಒಂದು ವಾರದಲ್ಲಿ ಇವರಿಗೆ, ಬೇಡವೆಂದರೂ ಕಣ್ಣಮುಂದೆ ನುಗ್ಗಿಬರುವ ನೆನಪುಗಳು ಆಟ ಆಡದವರಿಗಿಂತ 62% ಕಡಿಮೆ ಇದ್ದವು. ಆ ನೆನಪುಗಳು ಹೆಚ್ಚಾಗಿ ಚಿತ್ರಗಳೇ. ಅವು ಗಟ್ಟಿಯಾಗುವ ಹೊತ್ತಿನಲ್ಲಿ ಕಣ್ಣು ಮತ್ತು ಜಾಗದ ಅಳತೆ ಬೇಡುವ ಕೆಲಸ ಕೊಟ್ಟರೆ ಅವಕ್ಕೆ ಬೇರು ಬಿಡುವುದು ಕಷ್ಟವಾಗುತ್ತದೆ ಅನ್ನುವುದು ವಿಜ್ಞಾನಿಗಳ ವಿವರಣೆ. ಟೆಟ್ರಿಸ್ ಫಲ ಕೊಟ್ಟಿತು ಅಂದಮಾತ್ರಕ್ಕೆ ಉಗುರಿನ ಚುಕ್ಕಿಯೂ ಕೊಡುತ್ತದೆ ಅಂತ ಹೇಳಲಾಗದು. ನಾನಂತೂ ಬ್ರಷ್ ಹಿಡಿದಿದ್ದು ಹತ್ತನೇ ದಿನ. ಆದರೆ ಎರಡೂ ಒಂದೇ ಜಾತಿಯ ಕೆಲಸ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಅಧ್ಯಯನ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರದ್ದು, 2016ರಲ್ಲಿ ಬಂದಿದ್ದು. 39 ಜನರಿಗೆ 45 ನಿಮಿಷ ಬಣ್ಣದ ಪೆನ್ನು, ಜೇಡಿಮಣ್ಣು, ಕಾಗದ ಕೊಟ್ಟು ಏನು ಬೇಕಾದರೂ ಮಾಡಿ ಅಂದರು. ಮೊದಲೂ ಆಮೇಲೂ ಎಂಜಲು ತೆಗೆದು ಕಾರ್ಟಿಸಾಲ್ ಅಳೆದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಮೊದಲೇ ಚಿತ್ರ ಬಿಡಿಸಿ ಗೊತ್ತಿದ್ದವರಿಗೂ ಏನೂ ಬಾರದವರಿಗೂ ವ್ಯತ್ಯಾಸ ಕಾಣಲಿಲ್ಲ. ಚೆಂದ ಬರಬೇಕು ಅಂತ ಏನಿಲ್ಲ. ಈ ಅಧ್ಯಯನಕ್ಕೆ ಒಂದು ಕೊರತೆಯೂ ಇದೆ. ಏನೂ ಮಾಡದೆ ಸುಮ್ಮನೆ ಕೂತ ಇನ್ನೊಂದು ಗುಂಪು ಅದರಲ್ಲಿ ಇರಲಿಲ್ಲ. ಬೆಳಿಗ್ಗೆ ಎದ್ದ ಮೇಲೆ ಕಾರ್ಟಿಸಾಲ್ ತಾನಾಗಿಯೂ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಇದನ್ನು ಭರವಸೆಯ ಸುಳಿವು ಅಂತ ಇಟ್ಟುಕೊಳ್ಳೋಣ, ಔಷಧಿ ಅನ್ನುವುದು ಬೇಡ.

ಬೆರಳಿನ ಕೆಲಸಕ್ಕೆ ಬಗ್ಗದ ಸಂಕಟವೂ ಇರುತ್ತದೆ. ತಿಂಗಳಾದರೂ ಕೆಟ್ಟ ಕನಸು ನಿಲ್ಲದಿದ್ದರೆ, ಆಸ್ಪತ್ರೆ ದಾರಿಯಲ್ಲಿ ಹೋಗಲೂ ಆಗದಿದ್ದರೆ, ಊಟ ನಿದ್ದೆ ಹಳಿಗೆ ಬರದಿದ್ದರೆ ದಯವಿಟ್ಟು ಯಾರಿಗಾದರೂ ತೋರಿಸಿ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ. 2022ರಲ್ಲಿ ಶುರುವಾಯಿತು. ದೇಶಕ್ಕೆಲ್ಲ ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಕನ್ನಡದಲ್ಲೇ ಮಾತಾಡಬಹುದು. ರೋಗಿಯ ಮನೆಯವರಿಗೂ ಅದು ಇರುವುದು, ರೋಗಿಗೆ ಮಾತ್ರ ಅಲ್ಲ.

ನಮ್ಮಜ್ಜಿಗೆ ಬಾಟಲಿ ಬಣ್ಣ ಗೊತ್ತಿರಲಿಲ್ಲ. ಆಷಾಢದಲ್ಲಿ ಗೋರಂಟಿ ಸೊಪ್ಪು ಒರಳಿನಲ್ಲಿ ರುಬ್ಬಿ, ಬೆರಳ ತುದಿಗೆಲ್ಲ ಟೋಪಿಯ ಹಾಗೆ ಮೆತ್ತುತ್ತಿದ್ದಳು. ಸೊಪ್ಪಿನಲ್ಲಿರುವ ಲಾಸೋನ್ ಎಂಬ ಬಣ್ಣ ಚರ್ಮ ಮತ್ತು ಉಗುರಿನ ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡುಬಿಡುತ್ತದೆ. ಅಂಗೈಯ ಚರ್ಮ ಸವೆದು ಉದುರುವುದರಿಂದ ಎರಡು ಮೂರು ವಾರದಲ್ಲಿ ಅಲ್ಲಿನ ಕೆಂಪು ಮಾಯ. ಉಗುರು ಉದುರುವುದಿಲ್ಲ, ಮುಂದಕ್ಕೆ ಜರುಗುತ್ತದೆ ಅಷ್ಟೇ. ಗೌರಿ ಹಬ್ಬದ ಹೊತ್ತಿಗೆ ಉಗುರಿನ ಬುಡದಲ್ಲಿ ಬಣ್ಣವಿಲ್ಲದ ಹೊಸ ಭಾಗ ಎಷ್ಟು ಬಂದಿದೆ ನೋಡಿದರೆ ಆಷಾಢ ಮುಗಿದು ಎಷ್ಟು ದಿನ ಆಯಿತು ಅಂತ ಹೇಳಬಹುದಿತ್ತು.

ಉಗುರನ್ನು ಹೀಗೆ ಕ್ಯಾಲೆಂಡರ್ ಮಾಡಿಕೊಂಡ ಒಬ್ಬ ವೈದ್ಯರಿದ್ದರು. ಅಮೆರಿಕದ ವಿಲಿಯಂ ಬೀನ್. ತಮ್ಮದೇ ಹೆಬ್ಬೆರಳಿನ ಉಗುರಿಗೆ ಗುರುತು ಹಾಕಿಕೊಂಡು 35 ವರ್ಷ ಅದರ ಬೆಳವಣಿಗೆ ಅಳೆದರು. 32ನೇ ವಯಸ್ಸಿನಲ್ಲಿ ದಿನಕ್ಕೆ 0.123 ಮಿಲಿಮೀಟರ್ ಇತ್ತು. 67ಕ್ಕೆ ಬರುವಾಗ 0.095ಕ್ಕೆ ಇಳಿದಿತ್ತು.

ಅಮ್ಮ ಮನೆಗೆ ಬಂದು ಎರಡೂವರೆ ತಿಂಗಳಾದ ಮೇಲೆ ಒಂದು ಭಾನುವಾರ ಅವಳ ಉಗುರಿಗೂ ಚುಕ್ಕಿ ಇಡೋಣ ಅಂತ ಕೂತೆ. ಹೆಬ್ಬೆರಳಿನ ಮೇಲೆ ಅಡ್ಡಕ್ಕೆ ಒಂದು ತಗ್ಗು ಗೆರೆ ಕಂಡಿತು. ಸವರಿದರೆ ಕೈಗೆ ಸಿಗುತ್ತಿತ್ತು. ಫ್ರಾನ್ಸಿನ ವೈದ್ಯ ಜೋಸೆಫ್ ಬೋ 1846ರಲ್ಲಿ ವಿವರಿಸಿದ ಗೆರೆ ಇದು. ವೈದ್ಯರು ಈಗಲೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಜೋರು ಜ್ವರ, ದೊಡ್ಡ ಕಾಯಿಲೆ ಬಂದಾಗ ಉಗುರಿನ ಬೇರಿನಲ್ಲಿ ಹೊಸ ಕೋಶಗಳು ಹುಟ್ಟುವುದು ಕೆಲವು ದಿನ ನಿಂತಂತಾಗುತ್ತದೆ. ಆ ದಿನಗಳ ಜಾಗ ತಗ್ಗಾಗಿ ಉಳಿಯುತ್ತದೆ. ಬೇರು ಚರ್ಮದ ಕೆಳಗಿರುವುದರಿಂದ ಗೆರೆ ಹೊರಗೆ ಕಾಣುವುದು ವಾರಗಳ ಮೇಲೆ. ಸ್ಕೇಲಿಟ್ಟು ನೋಡಿದೆ. ಬುಡದ ಚರ್ಮದಿಂದ 3 ಮಿಲಿಮೀಟರ್ ಮುಂದೆ ಬಂದಿತ್ತು.

"ಇದೇ ಆ ಒಂಬತ್ತು ದಿನ, ಅಮ್ಮ" ಅಂದೆ.

ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದಳು. ಉಗುರಿನ ಮೇಲೆ ಬೆರಳಾಡಿಸಿದಳು. ನಾನು ಬಾಟಲಿ ತೆಗೆದಾಗ ಹೆಬ್ಬೆರಳನ್ನು ಮಡಚಿಕೊಂಡಳು.

"ಇದನ್ನ ಮುಚ್ಚಬೇಡ ಕಣೇ. ಯಾವಾಗ ತುದಿಗೆ ಬರುತ್ತೆ ನೋಡೋಣ. ಬಂದ ದಿನ ನಾನೇ ಕತ್ತರಿಸಿ ಹಾಕ್ತೀನಿ."

ಉಳಿದ ಒಂಬತ್ತು ಉಗುರಿಗೆ ಮೆರೂನ್ ಹಚ್ಚಿ ಬಿಳಿ ಚುಕ್ಕಿ ಇಟ್ಟೆ.