ಸೌಂಡ್ ಡಿಸೈನ್ ಅಂದರೆ ಬಿಜಿಎಂ ಅಲ್ಲ ಮಾರಾಯ್ರೇ

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಿ ಮತ್ತೊಂದು ಫ್ಲೆಕ್ಸ್ ಎದ್ದಿದೆ: ‘ಗೇಮ್ ಸೌಂಡ್ ಡಿಸೈನ್ ಕಲಿಯಿರಿ’. ಕೆಳಗೆ ಏನೇನು ಕಲಿಸುತ್ತಾರೆ ಅಂತ ಸಣ್ಣ ಅಕ್ಷರದಲ್ಲಿದೆ. ಕೀಬೋರ್ಡ್, ಬೀಟ್ ಮೇಕಿಂಗ್, ಮಿಕ್ಸಿಂಗ್. ಮೂರೂ ಒಳ್ಳೆಯ ವಿದ್ಯೆಗಳೇ, ಆದರೆ ಯಾವುದೂ ಸೌಂಡ್ ಡಿಸೈನ್ ಅಲ್ಲ. ಮದುವೆಗೆ ಡಿಜೆ ಬಾಕ್ಸ್ ಹಚ್ಚುವವರೂ ಈಗ ಕಾರ್ಡಿನ ಮೇಲೆ ಸೌಂಡ್ ಡಿಸೈನರ್ ಅಂತ ಹಾಕಿಸುತ್ತಿದ್ದಾರೆ. ಸುಮ್ನೆ ನೋಡಿಕೊಂಡು ಹೋಗೋಕೆ ಆಗಲ್ಲ.

ಗೊಂದಲವೆಲ್ಲ ‘ಡಿಸೈನ್’ನಿಂದ ಬಂದದ್ದು. ನಮ್ಮಲ್ಲಿ ಡಿಸೈನ್ ಅಂದರೆ ಅಂದ. ಸೀರೆಯ ಸೆರಗಿಗೆ ಡಿಸೈನ್, ಮೆಹಂದಿಗೆ ಡಿಸೈನ್. ಹಾಗಾಗಿ ಆಟ ತಯಾರಾದ ಮೇಲೆ ಅದಕ್ಕೆ ಚೆಂದದ ಸದ್ದು ಮೆತ್ತೋದೇ ಸೌಂಡ್ ಡಿಸೈನ್ ಅಂತ ಜನ ಅಂದುಕೊಳ್ಳುತ್ತಾರೆ. ಆದರೆ ಡಿಸೈನ್ ಎಂಬುದರ ಹಿಂದಿರುವ ಲ್ಯಾಟಿನ್ ಪದಕ್ಕೆ ಗುರುತು ಹಾಕು, ಗೊತ್ತುಮಾಡು ಎಂಬ ಅರ್ಥವಿದೆ. ಸಿನಿಮಾದವರು ಪದವನ್ನು ಎತ್ತಿಕೊಂಡಾಗ ಆ ಅರ್ಥ ಇನ್ನೂ ಜೀವಂತವಾಗಿತ್ತು. 1979ರ ‘ಅಪೋಕ್ಯಾಲಿಪ್ಸ್ ನೌ’ ಚಿತ್ರಕ್ಕೆ ವಾಲ್ಟರ್ ಮರ್ಚ್ ಮಾಡಿದ ಕೆಲಸದಿಂದ ಸೌಂಡ್ ಡಿಸೈನ್ ಎಂಬ ಹೆಸರು ಊರೂರಿಗೆ ಗೊತ್ತಾಯಿತು. ನೋಡುವವರ ಸುತ್ತಲೂ ಸ್ಪೀಕರ್ ಇದ್ದಾಗ ಯಾವ ಸದ್ದು ಎಲ್ಲಿಂದ ಬರಬೇಕು, ಯಾವಾಗ ಬರಬೇಕು, ಯಾವುದು ಬಾಯಿ ಮುಚ್ಚಿಕೊಂಡಿರಬೇಕು ಅಂತ ಮೊದಲೇ ಗೊತ್ತುಮಾಡುವುದು ಅವರ ಕೆಲಸವಾಗಿತ್ತು. ಸದ್ದು ಹುಟ್ಟಿಸೋದು ಅದರಲ್ಲಿ ಒಂದು ಪಾಲು ಮಾತ್ರ.

ಸಿನಿಮಾದಲ್ಲಿ ಒಮ್ಮೆ ಗೊತ್ತುಮಾಡಿದರೆ ಮುಗಿಯಿತು. ಆಟದಲ್ಲಿ ಹಾಗಲ್ಲ. ಆಡುವವನು ಎಡಕ್ಕೆ ಹೋಗುತ್ತಾನೋ ಬಲಕ್ಕೋ, ಒಂದೇ ಜಾಗದಲ್ಲಿ ಅರ್ಧ ಗಂಟೆ ನಿಲ್ಲುತ್ತಾನೋ ಯಾರಿಗೆ ಗೊತ್ತು?

ಮೊಬೈಲಿನಲ್ಲಿ ಬಿಜಿಎಂಐ ಎಂಬ ಶೂಟಿಂಗ್ ಆಟ ಆಡುವ ಹುಡುಗರನ್ನೇ ಕೇಳಿ. (ಬಿಜಿಎಂಐ ಬೇರೆ, ಹಿನ್ನೆಲೆ ಸಂಗೀತ ಅನ್ನೋ ಬಿಜಿಎಂ ಬೇರೆ. ಇದನ್ನೂ ಹೇಳಬೇಕಾಗಿದೆ.) ಅಲ್ಲಿ ಅವರ ಜೀವ ಉಳಿಸೋದು ಟ್ಯೂನ್ ಅಲ್ಲ, ಹೆಜ್ಜೆ ಸಪ್ಪಳ. ಎದುರಾಳಿ ಹುಲ್ಲಿನ ಮೇಲಿದ್ದಾನೋ ಮರದ ಮಹಡಿಯ ಮೇಲೋ, ಎಡಗಡೆಯೋ ಹಿಂದೆಯೋ, ಹತ್ತಿರವೋ ದೂರವೋ ಎಲ್ಲವೂ ಕಿವಿಗೇ ತಿಳಿಯಬೇಕು. ಒಂದೇ ಸಪ್ಪಳ ಪ್ರತಿ ಹೆಜ್ಜೆಗೂ ಬಂದರೆ ಎರಡು ನಿಮಿಷದಲ್ಲಿ ತಲೆನೋವು. ಅದಕ್ಕೇ ಒಂದು ನೆಲಕ್ಕೆ ಹಲವು ಸಪ್ಪಳ ರೆಕಾರ್ಡ್ ಮಾಡಿ, ಪ್ರತಿ ಸಲ ಬೇರೆಯದು ಬರುವಂತೆ, ಶ್ರುತಿಯೂ ಕೊಂಚ ಏರಿಳಿಯುವಂತೆ ನಿಯಮ ಬರೆಯುತ್ತಾರೆ. ಆ ನಿಯಮವೇ ಡಿಸೈನ್. ಅದನ್ನು ಬರೆಯೋಕೆ ವೈಸ್, ಎಫ್‌ಮಾಡ್ ಎಂಬ ಸಾಫ್ಟ್‌ವೇರ್‌ಗಳಿವೆ. ಅವು ಯೂನಿಟಿ, ಅನ್‌ರಿಯಲ್ ಥರದ ಗೇಮ್ ಎಂಜಿನ್‌ಗೆ, ಅಂದರೆ ಆಟವನ್ನೇ ಕಟ್ಟುವ ಸಾಫ್ಟ್‌ವೇರ್‌ಗೆ, ಜೋಡಣೆಯಾಗುತ್ತವೆ. ಕೊಪ್ಪಿಕರ್ ರಸ್ತೆಯ ಫ್ಲೆಕ್ಸಿನಲ್ಲಿ ಇವುಗಳ ಹೆಸರೇ ಇಲ್ಲ.

ಹಾಗಾದರೆ ಸಂಗೀತ? ಅದು ಕಂಪೋಸರ್ ಕೆಲಸ. ದೊಡ್ಡ ಸ್ಟುಡಿಯೋಗಳಲ್ಲಿ ಬೇರೆ ಹುದ್ದೆ, ಸಣ್ಣ ತಂಡಗಳಲ್ಲಿ ಎರಡನ್ನೂ ಒಬ್ಬರೇ ಹೊರುತ್ತಾರೆ. ಆದರೆ ಆಟದ ಸಂಗೀತವೂ ನಿಯಮಕ್ಕೆ ಬಿದ್ದದ್ದೇ. 1978ರ ‘ಸ್ಪೇಸ್ ಇನ್‌ವೇಡರ್ಸ್’ನಲ್ಲಿ ಇದ್ದದ್ದು ಬರೀ ನಾಲ್ಕು ಸ್ವರ. ಶತ್ರುಗಳ ವೇಗ ಏರಿದಂತೆ ಆ ನಾಲ್ಕರ ಲಯವೂ ಏರುತ್ತಿತ್ತು, ಆಡುವವನ ಎದೆಬಡಿತವೂ. 1991ರಲ್ಲಿ ‘ಮಂಕಿ ಐಲೆಂಡ್ 2’ ಬಂದಾಗ ಲೂಕಾಸ್‌ಆರ್ಟ್ಸ್ ಎಂಬ ಗೇಮ್ ಕಂಪನಿಯ ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ‘ಐಮ್ಯೂಸ್’ ಎಂಬ ವ್ಯವಸ್ಥೆಯನ್ನೇ ಕಟ್ಟಿದ್ದರು. ಆಟಗಾರ ಜಾಗ ಬದಲಿಸಿದರೆ ಸಂಗೀತ ಪಟ್ ಅಂತ ಕಡಿಯದೆ, ಹೊಂದುವ ತಾಳದಲ್ಲಿ ಹೊರಳಿಕೊಳ್ಳುತ್ತಿತ್ತು.

ಧಾರವಾಡದವರಿಗೆ ಇದು ಹೊಸದೇನಲ್ಲ, ಅಲ್ವಾ? ಖ್ಯಾಲ್ ಹಾಡುವವರು ಯಾವ ಕ್ಷಣಕ್ಕೆ ಎತ್ತ ತಿರುಗುತ್ತಾರೋ ಗೊತ್ತಿಲ್ಲದೆಯೂ ಹಾರ್ಮೋನಿಯಂ, ತಬಲಾದವರು ಸಾಥ್ ಕೊಡುತ್ತಾರೆ. ಗೇಮ್ ಸಂಗೀತ ಅಂಥ ಸಾಥ್. ಆದರೆ ಸಾಥ್ ಕೊಡುವವರು ಅಲ್ಲಿ ಕೂತಿರುವುದಿಲ್ಲ. ಅವರ ಬುದ್ಧಿಯನ್ನು ಮೊದಲೇ ಬರೆದಿಡಬೇಕು. ಗದಗಿನ ಪುಣ್ಯಾಶ್ರಮದಲ್ಲೋ ಧಾರವಾಡದ ಗುರುಗಳ ಮನೆಯಲ್ಲೋ ಕಲಿತ ಹುಡುಗ ಹುಡುಗಿಯರಿಗೆ ಇಲ್ಲಿ ದೊಡ್ಡ ಅನುಕೂಲವಿದೆ. ಅವರು ಮೂರು ನಿಮಿಷದ ಟ್ಯೂನ್ ಮಾಡಿ ಗೇಮ್ ಸ್ಟುಡಿಯೋಗಳಿಗೆ ಎಂಪಿ3 ಕಳಿಸಿ, ಉತ್ತರ ಬರಲಿಲ್ಲ ಅಂತ ಕೂರೋದು ನೋಡಿದರೆ ಬೇಜಾರಾಗುತ್ತದೆ.

ಹಾಗೆಯೇ ಗದಗ-ಬೆಟಗೇರಿಯ ಮಗ್ಗದ ಸದ್ದು, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಗದ್ದಲ ಹಿಡಿದು ತಂದ ಮಾತ್ರಕ್ಕೆ ಡಿಸೈನ್ ಆಗಿಬಿಡಲ್ಲ. ಅದು ಫೀಲ್ಡ್ ರೆಕಾರ್ಡಿಂಗ್, ಅಂದರೆ ಕಚ್ಚಾ ಮಾಲು. ಮಗ್ಗದ ಲಾಳಿಯ ಹೊಡೆತವನ್ನು ನಿಧಾನ ಮಾಡಿ ಯಾವುದೋ ಯಂತ್ರರಾಕ್ಷಸನ ಹೆಜ್ಜೆಯಾಗಿಸಿ, ಅವನು ಹತ್ತಿರ ಬಂದಷ್ಟೂ ಅದು ಭಾರವಾಗುವಂತೆ ಮಾಡಿದರೆ ಆಗ ಒಪ್ಪೋಣ.

ಕೆಲಸ ಹುಡುಕುವವರು ಯಾವುದಾದರೂ ಆಟದ ಒಂದು ನಿಮಿಷದ ವಿಡಿಯೊ ತೆಗೆದುಕೊಂಡು, ಅದರ ಸದ್ದನ್ನೆಲ್ಲ ಅಳಿಸಿ, ತಮ್ಮದೇ ಹಾಕಿ ತೋರಿಸಬೇಕು. ಇದಕ್ಕೆ ರೀಲ್ ಅನ್ನುತ್ತಾರೆ (ಇನ್‌ಸ್ಟಾಗ್ರಾಂನದಲ್ಲ). ಅದಕ್ಕಿಂತ ಜಾಸ್ತಿ ಬೆಲೆ ಆಡಿ ನೋಡಬಹುದಾದ ಸಣ್ಣ ಆಟಕ್ಕೆ. ಪ್ರತಿ ವರ್ಷ ಜನವರಿಯ ಹೊತ್ತಿಗೆ ನಡೆಯುವ ಗ್ಲೋಬಲ್ ಗೇಮ್ ಜ್ಯಾಮ್‌ನಂಥ, ಕೆಲವೇ ದಿನದಲ್ಲಿ ಆಟ ಕಟ್ಟುವ ಕೂಟಗಳಲ್ಲಿ ತಂಡ ಸೇರಿದರೆ ಅಂಥದ್ದೊಂದು ಕೈಗೆ ಬರುತ್ತದೆ.

ಕೆಲಸದ ಜಾಹೀರಾತು ಓದುವಾಗಲೂ ಪದ ನೋಡಿಕೊಳ್ಳಿ. ಟೆಕ್ನಿಕಲ್ ಸೌಂಡ್ ಡಿಸೈನರ್ ಅಂತಿದ್ದರೆ ವೈಸ್ ಮತ್ತು ಎಂಜಿನ್‌ನಲ್ಲೇ ಜಾಸ್ತಿ ಹೊತ್ತು ಹೋಗುತ್ತದೆ. ಆಡಿಯೊ ಪ್ರೋಗ್ರಾಮರ್ ಅಂತಿದ್ದರೆ ಅವರು ಕೇಳೋದು ಸಿ ಪ್ಲಸ್ ಪ್ಲಸ್ ಕೋಡಿಂಗ್. ನಿಮ್ಮ ಕೀಬೋರ್ಡ್ ಪರೀಕ್ಷೆಯ ಸರ್ಟಿಫಿಕೇಟ್ ಅಲ್ಲಿ ಯಾರೂ ನೋಡಲ್ಲ.